ಭಾನುವಾರ ಬಾರದ ಹೆಂಗಸು

“ಗುರುಗಳೇ, ಇಂಥವನು ನರಕಕ್ಕೆ ಹೋದ ಎಂದು ಹೇಳುವ ಅಧಿಕಾರ ಧರ್ಮಸಭೆಗೆ ಇದೆಯಲ್ಲವೇ?” ಎಂದು ಬ್ರದರ್ ಇನ್ನಾಸಪ್ಪ ಕೇಳಿದ.

ಚೌರಪ್ಪಸ್ವಾಮಿಗಳು ತಲೆ ಎತ್ತಲಿಲ್ಲ. ಪಾದ್ರಿಗಳಾಗುವವರು ಓದುವ ಗುರುಮಠದ ಜಗಲಿಯಲ್ಲಿ ಕೂತು, ತುಂಡಾದ ಜಪಸರವೊಂದನ್ನು ಇಕ್ಕಳದಲ್ಲಿ ಹಿಡಿದು ತಂತಿ ಬಗ್ಗಿಸುತ್ತಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಪಾಠ ಹೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಸುತ್ತಲ ಊರಿನವರ ಮುರಿದ ಜಪಸರಗಳನ್ನು ಸರಿಮಾಡಿಕೊಡುವುದೇ ಈಗ ಅವರ ಕೆಲಸ. ಗುರುದೀಕ್ಷೆಗೆ ತಯಾರಾಗುತ್ತಿದ್ದ ಹುಡುಗರು ಮಾತ್ರ, ಪುಸ್ತಕದಲ್ಲಿ ಬಗೆಹರಿಯದ್ದು ಏನಾದರೂ ಇದ್ದರೆ, ಈಗಲೂ ಅವರ ಹತ್ತಿರವೇ ಬರುತ್ತಿದ್ದರು.

“ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದೀಯ,” ಎಂದರು ಸ್ವಾಮಿಗಳು. “ಆಗಲೇ ಯಾರಿಗೋ ಹೇಳಿ ಬಂದ ಹಾಗಿದೆ. ಯಾರಿಗೆ?”

ಇನ್ನಾಸಪ್ಪ ಇದ್ದದ್ದನ್ನು ಹೇಳಿದ. ಪ್ರತಿ ಭಾನುವಾರ ಅವನು ಮಕ್ಕಳಿಗೆ ಜ್ಞಾನೋಪದೇಶ ಕಲಿಸಲು ಹತ್ತಿರದ ಊರಿಗೆ ಹೋಗುತ್ತಿದ್ದ. ಆ ಊರಿನಲ್ಲಿ ಲೂರ್ದುಮೇರಿ ಎಂಬ ಹುಡುಗಿ ಇದ್ದಳು. ಪೂಜೆಯಲ್ಲಿ ಹಾಡುಗಳನ್ನು ಎತ್ತಿಕೊಡುವವಳು ಅವಳೇ. ತಿಂಗಳ ಹಿಂದೆ ಅವಳ ತಂದೆ ತೀರಿಕೊಂಡಿದ್ದ. ಆತ ಇಪ್ಪತ್ತು ವರ್ಷ ದೇವಾಲಯದ ಮೆಟ್ಟಿಲು ತುಳಿದವನಲ್ಲ. ಸಾಯುವ ಹೊತ್ತಿಗೆ ಊರಿನ ಸ್ವಾಮಿ, ಕೊನೆಗಾಲದಲ್ಲಿ ಹಣೆಗೆ ಹಚ್ಚುವ ತೈಲ ಹಿಡಿದು ಮನೆಗೆ ಹೋದರೆ, ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದ್ದ. ಹೋದ ಭಾನುವಾರ ಲೂರ್ದುಮೇರಿ ಒಂದು ಚೀಟಿಯಲ್ಲಿ ತಂದೆಯ ಹೆಸರು ಬರೆದುಕೊಂಡು ಬಂದು, ಅಪ್ಪನಿಗೆ ತಿಂಗಳ ಪೂಜೆ ಹೇಳಿಸಬೇಕು ಎಂದಳು. ಊರಿನ ಸ್ವಾಮಿ ಅಲ್ಲಿರಲಿಲ್ಲ. ಇನ್ನಾಸಪ್ಪ ಇದ್ದ.

“ನರಕಕ್ಕೆ ಹೋದವರಿಗೆ ಪೂಜೆ ಮುಟ್ಟುವುದಿಲ್ಲಮ್ಮ ಎಂದೆ,” ಎಂದ ಇನ್ನಾಸಪ್ಪ. “ಪುಸ್ತಕದಲ್ಲಿ ಇರುವುದೂ ಅದೇ ಅಲ್ಲವೇ? ಅವಳು ಚೀಟಿಯನ್ನು ಸಣ್ಣಗೆ ಮಡಿಸಿ, ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು.”

ವಾರವಿಡೀ ಆ ಮುಷ್ಟಿ ಅವನ ಕಣ್ಣ ಮುಂದೆ ಇತ್ತು. ತಪ್ಪು ಹೇಳಿಲ್ಲ ಎಂದು ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಊಟ ರುಚಿಸಿರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಆ ಊರಿಗೆ ಹೋಗಿದ್ದ. ಪೂಜೆಯಲ್ಲಿ ಹಾಡುಗಳು ಯಾಕೋ ಎಳೆದಾಡಿದವು, ಯಾವುದೂ ಸರಿಯಾಗಿ ಏಳಲಿಲ್ಲ. ಬೇಸರದಲ್ಲಿಯೇ ವಾಪಸು ಬಂದು, ಕೈಕಾಲು ತೊಳೆದು, ನೇರ ಜಗಲಿಗೆ ಬಂದಿದ್ದ. ಗುರುಗಳು ಒಂದು ಸಲ ಹೌದು ಎಂದುಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದ.

ಸ್ವಾಮಿಗಳು ಹೌದು ಎನ್ನಲಿಲ್ಲ. “ಕೂತುಕೋ,” ಎಂದರು. “ಆ ಮಣಿಗಳು ಉರುಳಿಹೋಗದ ಹಾಗೆ ಹಿಡಿದುಕೋ. ಒಂದು ಕತೆ ಇದೆ.”

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಈಚಲು ಗರಿಯಲ್ಲಿ ಚಾಪೆ, ಬುಟ್ಟಿ ಹೆಣೆದು ಬದುಕುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬನೇ ಮಗ. ಊರಿನವರೆಲ್ಲ ಕ್ರೈಸ್ತರು. ಊರಿಗೊಂದು ದೇವಾಲಯ, ದೇವಾಲಯಕ್ಕೊಬ್ಬ ಪಾದ್ರಿ. ಪಾದ್ರಿ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಜ್ವರ ಬಂದರೆ ಕರೆಯುವ ಮುಂಚೆಯೇ ಹೋಗಿ ನಿಲ್ಲುವವನು. ಬಾಯಿ ಮಾತ್ರ ಸ್ವಲ್ಪ ಜೋರು. ಗೊತ್ತಿದ್ದದ್ದನ್ನೂ ಹೇಳುತ್ತಿದ್ದ, ಗೊತ್ತಿಲ್ಲದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ.

ಒಂದು ಶನಿವಾರ ಆ ಹೆಂಗಸಿನ ಮಗ ಬಾವಿಗೆ ಬಿದ್ದ. ಕಾಲು ಜಾರಿ ಬಿದ್ದದ್ದಲ್ಲ. ಎರಡೂ ಚಪ್ಪಲಿಗಳನ್ನು ಬಾವಿಕಟ್ಟೆಯ ಮೇಲೆ ಜೋಡಿಸಿ ಇಟ್ಟಿದ್ದ. ಯಾಕೆ ಹಾಗೆ ಮಾಡಿದ ಎಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ದಿನ ತಾಯಿಯ ಎದುರು ಕೂತು ಉಂಡಿದ್ದ. ಅವಳಿಗೂ ತಿಳಿಯಲಿಲ್ಲ.

ಆ ಕಾಲದಲ್ಲಿ ತಾನಾಗಿ ಪ್ರಾಣ ಕಳೆದುಕೊಂಡವರನ್ನು ದೇವಾಲಯದ ಒಳಕ್ಕೆ ತರುತ್ತಿರಲಿಲ್ಲ. ಅವರಿಗೆ ಸಾವಿನ ಗಂಟೆ ಇಲ್ಲ, ತೀರ್ಥ ಇಲ್ಲ. ಸಮಾಧಿಗಳ ಗೋಡೆಯ ಆಚೆ, ಆಶೀರ್ವದಿಸದ ನೆಲದಲ್ಲಿ ಹೂಳುತ್ತಿದ್ದರು. ಪಾದ್ರಿ ಹಾಗೆಯೇ ಮಾಡಿಸಿದ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ. ಅದೇ ವರ್ಷ ಊರಿನಲ್ಲಿ ಇನ್ನೊಬ್ಬ ಹೀಗೆಯೇ ಸತ್ತಿದ್ದ. ಇವನು ಎರಡನೆಯವನು. ಹೆದರಿಸಿದರೆ ಮೂರನೆಯವನು ನಿಲ್ಲುತ್ತಾನೆ ಎಂದುಕೊಂಡ ಪಾದ್ರಿ, ಮರುದಿನ ಭಾನುವಾರದ ಪೂಜೆಯಲ್ಲಿ ಪೀಠದ ಮುಂದೆ ನಿಂತು ಹೇಳಿದ: “ಆ ಹುಡುಗ ಈಗ ನರಕದಲ್ಲಿದ್ದಾನೆ. ಯಾರೂ ಅವನ ಹೆಸರು ಹಿಡಿದು ಪ್ರಾರ್ಥಿಸಬೇಡಿ. ಅಲ್ಲಿಗೆ ಯಾವ ಪ್ರಾರ್ಥನೆಯೂ ಹೋಗುವುದಿಲ್ಲ.”

ಇಡೀ ದೇವಾಲಯ ನಡುಗಿತು. ಆ ಊರಿನಲ್ಲಿ ಮತ್ತೆ ಯಾರೂ ಬಾವಿಗೆ ಬೀಳಲಿಲ್ಲ, ಅದೂ ನಿಜ. ತನ್ನ ಮಾತು ಕೆಲಸ ಮಾಡಿತು ಎಂದು ಪಾದ್ರಿಗೆ ಸಮಾಧಾನವಾಯಿತು. ಆದರೆ ಮೂರನೆಯ ಜೀವವೊಂದು ಆ ದಿನವೇ ಹೊರಟಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ.

ತಾಯಿ ಜಗಳ ಮಾಡಲಿಲ್ಲ. ಪಾದ್ರಿಯ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಸಂಜೆ ಮನೆಯಲ್ಲಿ ಜಪಸರ ಮುಗಿದ ಮೇಲೆ ಸತ್ತವರ ಹೆಸರನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುವ ವಾಡಿಕೆ ಉಂಟಲ್ಲ, ಅವಳೂ ಹೇಳುತ್ತಿದ್ದಳು. ಮಾವ, ಅತ್ತೆ, ತಾಯಿ, ತಂದೆ, ಗಂಡ. ಆಮೇಲೆ ಮಗನ ಹೆಸರು ನಾಲಗೆಯ ತುದಿಗೆ ಬರುತ್ತಿತ್ತು. ಅದನ್ನು ನುಂಗಿಕೊಂಡು ಶಿಲುಬೆಯ ಗುರುತು ಹಾಕಿ ಏಳುತ್ತಿದ್ದಳು.

ಮೂರು ವರ್ಷ ಕಳೆಯಿತು. ಸೋಮವಾರದಿಂದ ಶನಿವಾರದ ತನಕ ಅವಳು ಬೆಳಕು ಹರಿಯುವ ಮುಂಚೆ ದೇವಾಲಯದಲ್ಲಿ ಇರುತ್ತಿದ್ದಳು. ನೆಲ ಗುಡಿಸುತ್ತಿದ್ದಳು, ಬಾಗಿಲ ಬಳಿಯ ತೀರ್ಥದ ಬಟ್ಟಲು ತುಂಬಿಸುತ್ತಿದ್ದಳು, ಬೆಳಗಿನ ಪೂಜೆಯಲ್ಲಿ ಹಿಂದೆ ಕೂತಿರುತ್ತಿದ್ದಳು. ಪಾದ್ರಿ ಹಂಚುವ ಪರಮಪ್ರಸಾದಕ್ಕೆ ಮಾತ್ರ ಏಳುತ್ತಿರಲಿಲ್ಲ. ಮಗ ಹೋದ ದುಃಖ ಎಂದುಕೊಂಡು ಪಾದ್ರಿ ಸುಮ್ಮನಿದ್ದ. ಭಾನುವಾರ ಅವಳು ಬರುತ್ತಲೇ ಇರಲಿಲ್ಲ ಎನ್ನುವುದು ಅವನಿಗೆ ಗೊತ್ತೇ ಆಗಲಿಲ್ಲ. ದಿನಾ ಎದುರಿಗೆ ಕಾಣುವವರನ್ನು ಭಾನುವಾರದ ಜನಸಂದಣಿಯಲ್ಲಿ ಯಾರು ಹುಡುಕುತ್ತಾರೆ?

ಗೊತ್ತಾದದ್ದು ಗರಿಗಳ ಭಾನುವಾರ. ಯೇಸುಸ್ವಾಮಿ ಮರಳಿ ಎದ್ದ ಪಾಸ್ಕ ಹಬ್ಬಕ್ಕೆ ಒಂದು ವಾರ ಮುಂಚೆ ಎಲ್ಲರೂ ಕೈಯಲ್ಲಿ ಗರಿಯ ಶಿಲುಬೆ ಹಿಡಿದು ಮೆರವಣಿಗೆ ಹೋಗುತ್ತಾರಲ್ಲ, ಆ ಊರಿನಲ್ಲಿ ಆ ಶಿಲುಬೆಗಳನ್ನು ಹೆಣೆದು ಕೊಡುತ್ತಿದ್ದವಳು ಅವಳೇ. ಮನೆಗೆ ಎಷ್ಟು ತಲೆ ಎಂದು ಅವಳಿಗೆ ಬಾಯಿಪಾಠ. ಹಿಂದಿನ ದಿನವೇ ಬುಟ್ಟಿ ತುಂಬ ತಂದಿಟ್ಟು ಹೋಗಿದ್ದಳು. ಹಿಂದಿನ ವರ್ಷಗಳಲ್ಲಿ ಹಂಚಿದ್ದು ದೇವಾಲಯದ ಕೆಲಸ ನೋಡಿಕೊಳ್ಳುವ ಉಪದೇಶಿ. ಆ ವರ್ಷ ಅವನಿಗೆ ಮೈ ಸರಿ ಇರಲಿಲ್ಲ, ಪಾದ್ರಿಯೇ ನಿಂತು ಹಂಚಿದ. ಊರಿಗೆಲ್ಲ ಹಂಚಿದ ಮೇಲೆ ತಳದಲ್ಲಿ ಒಂದು ಶಿಲುಬೆ ಉಳಿಯಿತು. ಯಾರದು ಎಂದು ಯೋಚಿಸಿದ. ಹೆಣೆದವಳದೇ.

ಪೂಜೆ ಮುಗಿಸಿ, ಆ ಶಿಲುಬೆ ಹಿಡಿದು ಅವಳ ಮನೆಗೆ ಹೋದ. ಸಿಟ್ಟಿನಲ್ಲಿಯೇ ಹೋದ. ಅವಳು ಒಗೆದ ಬಿಳಿ ಸೀರೆ ಉಟ್ಟು ಹೊಸ್ತಿಲ ಮೇಲೆ ಕೈಕಟ್ಟಿ ಕೂತಿದ್ದಳು. ಪಕ್ಕದಲ್ಲಿ ಗರಿಯ ಕಂತೆ ಕಟ್ಟಿದ ಹಾಗೆಯೇ ಇತ್ತು. ಭಾನುವಾರ ದುಡಿಯಬಾರದು ಎಂಬ ನಿಯಮವನ್ನು ಅವಳು ಬಿಟ್ಟಿರಲಿಲ್ಲ.

“ದಿನಾ ಬರುವವಳು ಭಾನುವಾರ ಯಾಕಮ್ಮ ಬರುವುದಿಲ್ಲ?” ಎಂದು ಪಾದ್ರಿ ಕೇಳಿದ.

“ಭಾನುವಾರದ ಪೂಜೆ ಬೇಕೆಂದೇ ತಪ್ಪಿಸಿದರೆ ಅದು ಮಾರಕ ಪಾಪ, ಆ ಪಾಪದಲ್ಲಿ ಸತ್ತವರು ನರಕಕ್ಕೆ ಹೋಗುತ್ತಾರೆ ಅಂತ ನೀವೇ ಕಲಿಸಿದ್ದಲ್ಲವಾ ಸ್ವಾಮಿ?” ಎಂದಳು ಅವಳು. “ಮಗ ಅಲ್ಲಿ ಒಬ್ಬನೇ ಇದ್ದಾನೆ. ಚಿಕ್ಕಂದಿನಿಂದ ಅವನು ಒಬ್ಬನೇ ಕೂತು ಊಟ ಮಾಡಿದವನಲ್ಲ. ನಾನೂ ಹೋಗಿ ಸ್ವರ್ಗದಲ್ಲಿ ಕೂತರೆ ಅವನನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ಏನಾದರೂ ದೊಡ್ಡ ಪಾಪ ಮಾಡೋಣ ಅಂದುಕೊಂಡೆ. ಪಕ್ಕದ ಮನೆಯ ಕೋಳಿ ಹಿಡಿದು ಬುಟ್ಟಿಯಡಿ ಮುಚ್ಚಿಟ್ಟೆ. ಸಂಜೆಯ ಹೊತ್ತಿಗೆ ಪಾಪ, ಅದಕ್ಕೆ ಬಾಯಾರಿರಬೇಕು ಅನ್ನಿಸಿತು. ನೀರು ಕುಡಿಸಿ ಬಿಟ್ಟುಬಿಟ್ಟೆ. ಯಾರಿಗಾದರೂ ಹೊಡೆಯೋಣ ಅಂದರೆ ಕೈ ಏಳಲಿಲ್ಲ. ಸುಳ್ಳು ಹೇಳಿದರೆ ಅದು ಸಣ್ಣ ಪಾಪ, ಸಾಲುವುದಿಲ್ಲ. ಕೊನೆಗೆ ಇದೊಂದು ಸಿಕ್ಕಿತು. ಯಾರಿಗೂ ನೋವಿಲ್ಲ. ನನ್ನ ಕೈಲಾದ ಪಾಪ ಇದೊಂದೇ ಸ್ವಾಮಿ.”

ಪಾದ್ರಿ ಕೈಯಲ್ಲಿದ್ದ ಗರಿಯ ಶಿಲುಬೆಯನ್ನು ಕೆಳಗಿಳಿಸಿದ. “ಅವನು ಅಲ್ಲಿಲ್ಲದೆಯೂ ಇರಬಹುದಮ್ಮ,” ಎಂದ.

“ಪೀಠದ ಮುಂದೆ ನಿಂತು ಹೇಳಿದ್ದನ್ನು ನನ್ನ ಅಂಗಳದಲ್ಲಿ ನಿಂತು ಇಲ್ಲ ಅನ್ನಬೇಡಿ,” ಎಂದಳು ಅವಳು. “ನನ್ನ ಮೇಲೆ ಕನಿಕರ ಬಂದು ಹೇಳುತ್ತೀರಿ. ನಿಜವೇ ಆಗಿದ್ದರೆ ಅಲ್ಲಿಯೇ ನಿಂತು ಹೇಳಿ. ಅವತ್ತು ಅವನಿಗೆ ಗಂಟೆ ಹೊಡೆಯಲಿಲ್ಲ. ಹೇಳಿದ ಮೇಲೆ ಅವನ ಗಂಟೆ ಹೊಡೆಸಿ. ಅದು ಕಿವಿಗೆ ಬಿದ್ದ ಕೂಡಲೇ ಎದ್ದು ಬರುತ್ತೇನೆ. ಅದಕ್ಕೆ ಮುಂಚೆ ಬಂದರೆ ನಾನು ಮಗನ ಕೈ ಬಿಟ್ಟ ಹಾಗಾಗುತ್ತದೆ.”

ಆ ವಾರ ಪಾದ್ರಿಗಳ ಹಿರಿಯರಾದ ಧರ್ಮಾಧ್ಯಕ್ಷರು ಪವಿತ್ರ ತೈಲಗಳನ್ನು ಆಶೀರ್ವದಿಸುವ ದಿನ ಇತ್ತು. ಪಾದ್ರಿಗಳೆಲ್ಲ ಹೋಗಿ ತಮ್ಮ ತಮ್ಮ ಊರಿಗೆ ತೈಲ ತರಬೇಕು. ಇವನೂ ಹೋದ. ಎಲ್ಲರೂ ಹೊರಟ ಮೇಲೆ ಧರ್ಮಾಧ್ಯಕ್ಷರ ಮುಂದೆ ನಿಂತು ನಡೆದದ್ದನ್ನು ಹೇಳಿದ. ಅವರು ವಯಸ್ಸಾದವರು. ಕೊನೆಯ ತನಕ ಕೇಳಿದರು.

ಆಮೇಲೆ ಹೇಳಿದರು: “ನರಕ ಇದೆ. ದೇವರಿಗೆ ಕೊನೆಯ ತನಕ ಬೆನ್ನು ತಿರುಗಿಸಿದವನು ಅಲ್ಲಿಗೆ ಹೋಗುತ್ತಾನೆ. ಇದನ್ನು ಧರ್ಮಸಭೆ ಕಲಿಸುತ್ತದೆ, ನಾನೂ ನಂಬುತ್ತೇನೆ. ಇಂಥವರು ಸ್ವರ್ಗದಲ್ಲಿದ್ದಾರೆ ಎಂದೂ ಧರ್ಮಸಭೆ ಹೆಸರು ಹಿಡಿದು ಹೇಳಿದೆ. ಹೇಳುವ ಮುಂಚೆ ವರ್ಷಗಟ್ಟಲೆ ವಿಚಾರಿಸಿದೆ, ಕೆಲವರಿಗೆ ನೂರಾರು ವರ್ಷ. ಆದರೆ ಇಂಥವನು ನರಕದಲ್ಲಿದ್ದಾನೆ ಎಂದು ಒಬ್ಬನ ಹೆಸರನ್ನೂ ಇವತ್ತಿನ ತನಕ ಹೇಳಿಲ್ಲ. ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದನ ಹೆಸರನ್ನೂ ಹೇಳಿಲ್ಲ. ನೀನು ಹೇಳಿದೆ. ಹೇಳುವ ಮುಂಚೆ ಎಷ್ಟು ದಿನ ವಿಚಾರಿಸಿದೆ?”

“ಹುಡುಗ ಸತ್ತದ್ದು ಶನಿವಾರ,” ಎಂದ ಪಾದ್ರಿ. “ನಾನು ಹೇಳಿದ್ದು ಭಾನುವಾರ.”

ಧರ್ಮಾಧ್ಯಕ್ಷರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು. ಹೊಸ ತೈಲ ತೆಗೆದುಕೊಂಡು ಊರಿಗೆ ಬಂದ.

ಪಾಸ್ಕ ಹಬ್ಬದ ಭಾನುವಾರ ಬಂತು. ಊರೆಲ್ಲ ಹೊಸ ಬಟ್ಟೆ ಹಾಕಿಕೊಂಡು ದೇವಾಲಯಕ್ಕೆ ಬಂದಿತ್ತು. ಕೈಕೂಸುಗಳನ್ನೂ ಹೊತ್ತು ತಂದಿದ್ದರು. ಮನೆಗಳೆಲ್ಲ ಖಾಲಿ, ಅವಳದೊಂದನ್ನು ಬಿಟ್ಟು. ಬೋಧನೆಯ ಹೊತ್ತಿಗೆ ಪಾದ್ರಿ ಪೀಠದ ಮುಂದೆ, ಮೂರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲಿಯೇ ನಿಂತ. ಜೋರು ಬಾಯಿಯವನಿಗೆ ಅವತ್ತು ಧ್ವನಿ ಏಳಲಿಲ್ಲ.

“ಒಬ್ಬ ಹುಡುಗ ನರಕದಲ್ಲಿದ್ದಾನೆ ಎಂದು ಇಲ್ಲಿ ನಿಂತು ಹೇಳಿದ್ದೆ,” ಎಂದ. “ಧರ್ಮಸಭೆ ಅದನ್ನು ಹೇಳಿರಲಿಲ್ಲ. ನಾನು ಹೇಳಿದೆ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಇವತ್ತಿನಿಂದ ಅವನ ಹೆಸರು ಹಿಡಿದು ಪ್ರಾರ್ಥಿಸಿ. ನನಗಾಗಿಯೂ ಪ್ರಾರ್ಥಿಸಿ.”

ಆಮೇಲೆ ಉಪದೇಶಿಯನ್ನು ಕರೆದು ಸಾವಿನ ಗಂಟೆ ಹೊಡೆ ಎಂದ. ಉಪದೇಶಿ ಅವನ ಮುಖ ನೋಡಿದ. ಹಬ್ಬದ ಗಂಟೆ ಬೇಗ ಬೇಗ ಹೊಡೆಯುವಂಥದು, ಸಾವಿನ ಗಂಟೆ ಒಂದೊಂದಾಗಿ ಬಿಟ್ಟು ಬಿಟ್ಟು ಹೊಡೆಯುವಂಥದು. ಪಾಸ್ಕ ಹಬ್ಬದ ದಿನ ಸಾವಿನ ಗಂಟೆಯನ್ನು ಆ ಊರು ಕೇಳಿರಲೇ ಇಲ್ಲ. ಹೋಗಿ ಹೊಡೆದ. ಹೆಂಗಸರು ಹೊಸ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪಾದ್ರಿ ಬಾಗಿಲ ಕಡೆ ನೋಡುತ್ತ ನಿಂತ. ಎಲ್ಲರೂ ಹಿಂದಕ್ಕೆ ತಿರುಗಿ ಬಾಗಿಲನ್ನೇ ನೋಡಿದರು.

ಅವಳು ಬರಲಿಲ್ಲ.

ಪೂಜೆಯನ್ನು ಹೇಗೋ ಮುಗಿಸಿ, ತೈಲದ ಬಟ್ಟಲು ಹಿಡಿದುಕೊಂಡು ಪಾದ್ರಿ ಓಡಿದ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಉಸಿರು ನಿಂತಿತ್ತು. ಎರಡು ದಿನದಿಂದ ಜ್ವರ ಇತ್ತಂತೆ. ಹಬ್ಬದ ಗಡಿಬಿಡಿಯಲ್ಲಿ ಯಾರೂ ವಿಚಾರಿಸಿರಲಿಲ್ಲ. ಬಿಳಿ ಸೀರೆ ಉಟ್ಟಿದ್ದಳು, ಸೆರಗು ತಲೆಯ ಮೇಲಿತ್ತು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಚಪ್ಪಲಿ ಪಕ್ಕದಲ್ಲಿ ಬಿದ್ದಿತ್ತು.

ಗಂಟೆ ಕೇಳಿ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಳೇ? ಇಲ್ಲವೇ ಗಂಟೆಗೆ ಮುಂಚೆಯೇ ಎಲ್ಲಿಗೋ ಹೋಗಿ ಬಂದು ಬಿಚ್ಚುತ್ತ ಕೂತಲ್ಲಿಯೇ ಪ್ರಾಣ ಬಿಟ್ಟಿದ್ದಳೇ? ಪಾದ್ರಿ ಊರೆಲ್ಲ ವಿಚಾರಿಸಿದ. ನೋಡಿದವರು ಒಬ್ಬರೂ ಇಲ್ಲ. ಊರೇ ದೇವಾಲಯದಲ್ಲಿತ್ತಲ್ಲ.

ಪಾದ್ರಿ ಕಲಿಸಿದ್ದ ಪಾಠದ ಪ್ರಕಾರ ನೋಡಿದರೆ ಅವಳು ಮೂರು ವರ್ಷದ ಮಾರಕ ಪಾಪ ಹೊತ್ತು, ಪಾಪನಿವೇದನೆ ಇಲ್ಲದೆ, ತೈಲ ಇಲ್ಲದೆ, ಭಾನುವಾರದ ಪೂಜೆಯ ಹೊತ್ತಿನಲ್ಲಿಯೇ ಸತ್ತಿದ್ದಳು. ಉಪದೇಶಿ ಬಂದು, “ಗೋಡೆಯ ಒಳಗೆ ತೋಡಿಸಲಾ, ಆಚೆ ತೋಡಿಸಲಾ ಸ್ವಾಮಿ?” ಎಂದು ಕೇಳಿದ. ಮಗನ ಪಕ್ಕದಲ್ಲಿ ಎಂದ ಪಾದ್ರಿ. ಅವಳನ್ನು ದೇವಾಲಯದ ಒಳಕ್ಕೆ ತಂದು, ಗಂಟೆ ಹೊಡೆಸಿ, ತೀರ್ಥ ಚಿಮುಕಿಸಿ, ಗೋಡೆಯ ಆಚೆಗೆ ಹೊತ್ತುಕೊಂಡು ಹೋದರು. ಆ ನೆಲವನ್ನೂ ಅವನು ಆಶೀರ್ವದಿಸಿದ. ಮಿಕ್ಕಿದ್ದ ಗರಿಯ ಶಿಲುಬೆಯನ್ನು ಅವಳ ಎದೆಯ ಮೇಲೆ ಇಟ್ಟ.

ಮಣ್ಣು ಮುಚ್ಚಿದ ಮೇಲೆ ಉಪದೇಶಿ ತಡೆಯಲಾರದೆ ಮತ್ತೆ ಕೇಳಿದ: “ಈಗ ಅವಳು ಎಲ್ಲಿದ್ದಾಳೆ ಸ್ವಾಮಿ?” ಪಾದ್ರಿ ಬಾಯಿ ತೆರೆದ. ಮುಚ್ಚಿದ. ಮೊಣಕಾಲೂರಿ, ತಾಯಿಯ ಹೆಸರನ್ನೂ ಮಗನ ಹೆಸರನ್ನೂ ಹೇಳಿ ಪ್ರಾರ್ಥನೆ ಶುರುಮಾಡಿದ. ಅವನು ಬದುಕಿದ್ದ ತನಕ ಸತ್ತವರ ವಿಷಯದಲ್ಲಿ ಅವನ ಬಾಯಿಂದ ಬೇರೆ ಮಾತು ಬರಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿ, ಇನ್ನಾಸಪ್ಪನ ಅಂಗೈಯಿಂದ ಕೊನೆಯ ಮಣಿಯನ್ನು ಎತ್ತಿಕೊಂಡು ತಂತಿಗೆ ಸೇರಿಸಿದರು.

ಆ ತಾಯಿಗಾಗಿ ಇನ್ನಾಸಪ್ಪನಿಗೆ ನಿಜವಾಗಿಯೂ ಸಂಕಟವಾಗಿತ್ತು. “ಆ ಗಂಟೆ ಅವಳಿಗೆ ಕೇಳಿಸಿತ್ತೇ ಗುರುಗಳೇ?” ಎಂದ. “ಕೇಳಿಸಿದ್ದರೆ ಅವಳು ಈಗ...”

ಮಾತು ಅರ್ಧಕ್ಕೆ ನಿಂತಿತು. ತಾನು ಏನು ಕೇಳಲು ಹೊರಟಿದ್ದೇನೆಂದು ಅವನಿಗೇ ಹೊಳೆದಿತ್ತು.

ಸ್ವಾಮಿಗಳು ಜಪಸರವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು, ಗಟ್ಟಿಯಾಗಿದೆಯೇ ಎಂದು ನೋಡಿ, ಪಕ್ಕಕ್ಕೆ ಇಟ್ಟರು. ಆಗ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

“ಇವತ್ತು ಭಾನುವಾರ, ಬ್ರದರ್, ಬೆಳಗಿನ ಪೂಜೆಗೆ ಲೂರ್ದುಮೇರಿ ಬಂದಿದ್ದಳೇ?”